ಸೀಲ್ ಒಡೆಯದ ಡಬ್ಬ

ಹೋಟೆಲನ್ನು ಮಗ ವಿನೀತನಿಗೆ ಒಪ್ಪಿಸಿದ ಮೇಲೆ ಗುಣಪಾಲರಿಗೆ ಕಾಲು ನಿಲ್ಲುತ್ತಿರಲಿಲ್ಲ. ಬೆಳಗಾದರೆ ಫಳ್ನೀರಿನ ಆ ಹೋಟೆಲಿಗೆ ಹೋಗಿ ಸಾಂಬಾರಿನ ಮುಚ್ಚಳ ತೆಗೆದು ನೋಡುವುದು, ಸಪ್ಲಾಯರ್‌ಗಳನ್ನು ಗದರುವುದು. ಕೊನೆಗೆ ಮಗನೇ ಹೇಳಿದ: "ಅಪ್ಪ, ನೀವು ಇಲ್ಲಿದ್ದರೆ ನಂಗೆ ಕೆಲಸ ಆಗುದಿಲ್ಲ. ಮನೆಯಲ್ಲಿ ಎಂತಾದ್ರೂ ಮಾಡಿ."

ಆ ಸಿಟ್ಟಿನಲ್ಲೇ ಅವರು ಅತ್ತಾವರದ ಮನೆಯ ಅಟ್ಟ ಹತ್ತಿ, ಹಿಂದೆ ತಾವೇ ಕಟ್ಟಿದ್ದ ಮಾಡೆಲ್ ವಿಮಾನವನ್ನು ಇಳಿಸಿದರು. ರಿಮೋಟಿನದ್ದಲ್ಲ; ಎರಡು ಸಪೂರ ತಂತಿಗಳ ಹಿಡಿಕೆ ಹಿಡಿದು ನಡುವೆ ನಿಂತರೆ ಸುತ್ತಲೂ ಹಾರುವಂಥದ್ದು. ಜೊತೆಗೆ ವರ್ಷಗಟ್ಟಲೆ ಹಳೆಯ ಎರಡು ಡಬ್ಬ ಇಂಧನ. ಒಂದು ಅರ್ಧ ಖಾಲಿ, ಇನ್ನೊಂದರ ಸೀಲ್ ಒಡೆದಿರಲಿಲ್ಲ.

"ಹೊಸತು ತರಿಸಿ ಮಾರ್ರೆ," ಎಂದರು ಹೆಂಡತಿ ಜಲಜಾಕ್ಷಿ.

"ಬೆಂಕಿ ಹಿಡಿಯುವ ಸಾಮಾನು, ಕೊರಿಯರ್‌ನವರು ಮುಟ್ಟುದಿಲ್ಲ. ಲಾರಿಯಲ್ಲಿ ಬರುವ ತನಕ ಯಾರು ಕಾಯುದು?"

ಊಟ ಅರ್ಧಕ್ಕೇ ಬಿಟ್ಟು, ಹೆಂಡತಿಯನ್ನೂ ಹೊರಡಿಸಿಕೊಂಡು ಉಳ್ಳಾಲದ ಕಡಲತೀರಕ್ಕೆ ಕಾರು ಓಡಿಸಿದರು. ನೀರು ಇಳಿದು ಮರಳು ಗಟ್ಟಿಯಾಗಿತ್ತು. ಮೊದಲು ಅರ್ಧ ಡಬ್ಬದ್ದನ್ನೇ ತುಂಬಿಸಿದರು. ಎಂಜಿನ್ ಹೊತ್ತಿತು, ಪ್ಲಗ್ಗನ್ನು ಕಾಯಿಸಲು ಸಿಕ್ಕಿಸಿದ್ದ ಬ್ಯಾಟರಿ ತೆಗೆದದ್ದೇ ನಿಂತಿತು. ಮೂತಿಯ ಫ್ಯಾನನ್ನು ಬೆರಳಿನಿಂದ ಮತ್ತೆ ಹೊಡೆದು ತಿರುಗಿಸಿದರು, ಮತ್ತೆ ನಿಂತಿತು. ಇಂಧನ ಹೆಚ್ಚುಕಡಿಮೆ ಮಾಡುವ ತಿರುಪನ್ನು ಆಚೆ ತಿರುಗಿಸಿದರು, ಈಚೆ ತಿರುಗಿಸಿದರು. ಬೆರಳು ಕೆಂಪಾಯಿತು. ಕೊನೆಗೊಮ್ಮೆ ಗೊರಗೊರ ಓಡಿತು. ವಿಮಾನವನ್ನು ಹೆಂಡತಿಯ ಕೈಗೆ ಕೊಟ್ಟು ಅವರು ತಂತಿಯ ಹಿಡಿಕೆಯತ್ತ ಓಡಿದರು.

"ಬಿಡು, ಬಿಡು ಮಾರಾಯ್ತಿ!"

ಜಲಜಾಕ್ಷಿ ವಿಮಾನವನ್ನು ಬಿಟ್ಟರು. ಅರ್ಧ ಸುತ್ತಿಗೇ ಎಂಜಿನ್ ಕೈಕೊಟ್ಟು, ವಿಮಾನ ಮೂತಿ ಅಡಿಯಾಗಿ ಮರಳಿಗೆ ಬಿತ್ತು. ಫ್ಯಾನು ಮುರಿಯಿತು.

"ನಮ್ಮ ಊರಿನ ಗಾಳಿಗೆ ಭರಣಿಯ ಉಪ್ಪೇ ನೀರಾಗ್ತದೆ, ಒಡೆದ ಡಬ್ಬ ನೀರು ಹೀರದೆ ಉಳಿಯುದುಂಟಾ? ಸೀಲಿನದ್ದು ತೆಗೀರಿ," ಎಂದರು ಜಲಜಾಕ್ಷಿ.

ಗುಣಪಾಲರಿಗೆ ಅದು ಗೊತ್ತಿಲ್ಲದ್ದೇನಲ್ಲ. "ಅದು ಒಂದೇ ಉಂಟಲ್ಲ ಜಲಜಾ. ಒಡೆದರೆ ಮತ್ತೆ ಎಂತ ಉಂಟು ನಂಗೆ?"

"ಇವತ್ತು ಹಾರದಿದ್ರೆ ನೀವೂ ನಿದ್ದೆ ಮಾಡುದಿಲ್ಲ, ನನ್ನನ್ನೂ ಬಿಡುದಿಲ್ಲ. ಒಡೀರಿ."

ಅವರು ಬೇರೆ ಫ್ಯಾನು ಸಿಕ್ಕಿಸಿ, ಡಬ್ಬವನ್ನು ಚೆನ್ನಾಗಿ ಕುಲುಕಿ ಸೀಲ್ ಒಡೆದರು. ಈ ಸಲ ಬ್ಯಾಟರಿ ತೆಗೆದರೂ ಎಂಜಿನ್ ಒಂದೇ ಸ್ವರದಲ್ಲಿ ಕೂಗುತ್ತಲೇ ಇತ್ತು. ವಿಮಾನ ಎದ್ದಿತು. ತಂತಿ ಬಿಗಿಯಾಗಿ ಅವರ ತೋಳನ್ನು ಜಗ್ಗಿತು. ಮೀನುಗಾರರು ಬಲೆ ಬಿಟ್ಟು ನೋಡಿದರು. ಇಂಧನ ತೀರಿ ವಿಮಾನ ಇಳಿದಾಗ ಗುಣಪಾಲರು ತಲೆ ತಿರುಗಿ ತೂರಾಡುತ್ತಾ ನಗುತ್ತಿದ್ದರು.

"ಇನ್ನೊಮ್ಮೆ! ಒಡೆದದ್ದು ಇನ್ನು ಹೆಚ್ಚು ದಿನ ನಿಲ್ಲುದಿಲ್ಲ, ಬೇಗ ಮುಗಿಸ್ಬೇಕು."

ಜಲಜಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿಕೆಗೆ ಕೈ ಚಾಚಿದರು. "ಹಾಗಾದ್ರೆ ಈಗ ನಾನು. ನೀವು ಹಿಂದೆ ನಿಂತು ಹೇಳಿಕೊಡಿ, ಬೊಬ್ಬೆ ಹಾಕ್ಬೇಡಿ."