ಕೊಟ್ರಪ್ಪನ ಬರೀ ಬಿಳಿ

ಸುದ್ದಗುಂಟೆಪಾಳ್ಯದ ಆಟೋಗಳಲ್ಲಿ ಯಾವುದು ಕೊಟ್ರಪ್ಪನ ಕೈಕೆಲಸ ಎಂದು ನಾನು ದೂರದಿಂದಲೇ ಹೇಳಬಲ್ಲೆ. ನವಿಲಿದ್ದರೆ ಅದರ ಗರಿಗೆ ಎರಡು ಬಣ್ಣ ಜಾಸ್ತಿ. ಬೆಂಕಿಯ ಜ್ವಾಲೆ ಇದ್ದರೆ ಅದು ಹಿಂದಿನಿಂದ ಹೊರಟು ಡ್ರೈವರ್ ಸೀಟಿನವರೆಗೂ ಹಬ್ಬಿರುತ್ತದೆ. ಕೊಟ್ಟೂರಿನ ಕಡೆಯಿಂದ ಬಂದು ನನ್ನ ವೆಲ್ಡಿಂಗ್ ಶಾಪಿನ ಪಕ್ಕದಲ್ಲೇ ರೇಡಿಯಂ ಸ್ಟಿಕರ್ ಅಂಗಡಿ ಇಟ್ಟ ಮನುಷ್ಯ. ಹಣೆಗೆ ವಿಭೂತಿ, ಕಿವಿಯ ಸಂದಿಯಲ್ಲಿ ಪೆನ್ನಿನಂಥ ಕಟರ್. ಖಾಲಿ ಜಾಗ ಕಂಡರೆ ಅವನಿಗೆ ಸಂಕಟ. ನನ್ನ ಡ್ರಿಲ್ಲಿಂಗ್ ಮೆಷಿನ್ನಿಗೂ ಒಂದು ಗುಲಾಬಿ ಅಂಟಿಸಿದ್ದ. ಬೈದೆ. ಮಾರನೆಯ ದಿನ ಆ ಗುಲಾಬಿಗೆ ಎರಡು ಎಲೆ ಬಂದಿದ್ದವು.

ಅವನ ಮಗಳು ಸಿರಿ ಇಂಜಿನಿಯರಿಂಗ್ ಓದುತ್ತಾಳೆ. ಕಾಲೇಜಿನ ಗೆಳೆಯರ ಜೊತೆ ಸೇರಿ ಸ್ಪರ್ಧೆಗೆಂದು ರೋಬೋ ಕಟ್ಟುತ್ತಾಳೆ. ಚಕ್ರದ ಮೇಲೆ ಓಡಿ, ಕೈ ಚಾಚಿ ಚೆಂಡು ಎತ್ತುವ ಒಂದು ತಗಡಿನ ಪೆಟ್ಟಿಗೆ. ಹೋದ ವರ್ಷ ಸ್ಪರ್ಧೆಯ ದಿನ ಅವಳು ಸ್ನಾನಕ್ಕೆ ಹೋದಾಗ ಕೊಟ್ರಪ್ಪ ಯಾರನ್ನೂ ಕೇಳದೆ ಅದಕ್ಕೆ ಜ್ವಾಲೆ, ರೆಪ್ಪೆ ಇರುವ ಎರಡು ಕಣ್ಣು, ಹಿಂದುಗಡೆ 'ತಾಯಿಯ ಆಶೀರ್ವಾದ', ಎಲ್ಲವನ್ನೂ ಅಂಟಿಸಿಬಿಟ್ಟ. ಕೀಳಲು ಹೊತ್ತಿರಲಿಲ್ಲ. ತೀರ್ಪುಗಾರರು "ಇದು ರೋಬೋನಾ, ಟೆಂಪೋನಾ?" ಎಂದು ನಕ್ಕರಂತೆ. ಅಚ್ಚುಕಟ್ಟಿಗೆಂದು ಇಟ್ಟ ಅಂಕ ಪೂರ್ತಿ ಹೋಯಿತು. ಅಂದಿನಿಂದ ಮಗಳು ಅಪ್ಪನ ಮುಂದೆ ಎಲ್ಲ ಮಾತನ್ನೂ ಆಡುತ್ತಿದ್ದಳು, ರೋಬೋ ಮಾತು ಬಿಟ್ಟು. ಅವನಿಗೆ ಅದೇ ಕೊರಗು.

ಈ ವರ್ಷ ಸ್ಪರ್ಧೆಗೆ ಒಂದು ದಿನ ಇರುವಾಗ ಅವಳು ರೋಬೋ ಎತ್ತಿಕೊಂಡು, ಅಪ್ಪನ ಅಂಗಡಿ ದಾಟಿ, ನೇರ ನನ್ನ ಹತ್ತಿರ ಬಂದಳು.

"ಅಂಕಲ್, ಅಂಚೆಲ್ಲಾ ಚೂಪಾಗಿದೆ, ಸ್ವಲ್ಪ ಉಜ್ಜಿ ಕೊಡ್ತೀರಾ? ಬಿಳಿ ಸ್ಟಿಕರ್ ನಾವೇ ಹಾಕ್ಕೋತೀವಿ."

ನನಗೆ ಸಿಟ್ಟು ಬಂತು. "ಪಕ್ಕದಲ್ಲಿ ನಿಮ್ಮಪ್ಪ ಏನ್ ಕಡ್ಲೆಪುರಿ ಮಾರ್ತಾನಾ?"

"ಅಪ್ಪಂಗೆ ಕೊಟ್ರೆ ನವಿಲು ಬರತ್ತೆ ಅಂಕಲ್."

ಗೋಡೆಯಾಚೆ ಕತ್ತರಿಯ ಸದ್ದು ನಿಂತಿತು.

ಅಂಚು ಉಜ್ಜಿ ಕೊಟ್ಟೆ. ನನ್ನ ಬೆಂಚಿನ ಮೇಲೆಯೇ ಅವಳೂ ಅವಳ ಜೊತೆಗಾರ ಪ್ರಮೋದನೂ ಬಿಳಿ ಹಾಳೆ ಅಂಟಿಸಲು ಕುಳಿತರು. ಅಂಟಿಸಿದಲ್ಲೆಲ್ಲ ಗುಳ್ಳೆ. ಇಲ್ಲಿ ಒತ್ತಿದರೆ ಅಲ್ಲಿ ಏಳುತ್ತಿತ್ತು. ರೋಬೋ ಸುಟ್ಟ ಹಪ್ಪಳದಂತೆ ಕಾಣತೊಡಗಿತು.

"ಮಗಾ, ಹೋಯ್ತು ಕಣೇ. ಹಾಳೆನೂ ಮುಗೀತು," ಎಂದ ಪ್ರಮೋದ.

ಬಾಗಿಲಲ್ಲಿ ಕೊಟ್ರಪ್ಪ ನಿಂತಿದ್ದ. ಯಾವಾಗ ಬಂದನೋ. ಕಂಕುಳಲ್ಲಿ ಬಿಳಿ ಸುರುಳಿ, ಕೈಯಲ್ಲಿ ಸೋಪಿನ ನೀರಿನ ಬಾಟಲಿ. ಹೊಸ್ತಿಲು ದಾಟಲಿಲ್ಲ.

"ಮುಟ್ಲೇನವ್ವಾ?"

ಅಂಟಿಸುವ ಮೊದಲು ಅವನು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಆವರೆಗೆ ಕಂಡಿರಲಿಲ್ಲ.

ಸಿರಿ ಅವನ ಕೈಗಳನ್ನೇ ನೋಡಿದಳು. "ಬರೀ ಬಿಳಿ, ಅಪ್ಪ. ಬೇರೆ ಏನೂ ಬೇಡ."

"ಆಯ್ತವ್ವಾ. ಬರೀ ಬಿಳಿ."

ಹಳೆಯ ಹಾಳೆ ಕಿತ್ತ. ನೀರು ಚಿಮುಕಿಸಿ, ಹೊಸದನ್ನು ನಡುವಿನಿಂದ ಅಂಚಿಗೆ ಒತ್ತುತ್ತಾ ಹೋದ. ತಗಡು ಹಾಲಿನ ಕೆನೆಯಂತಾಯಿತು. ಬಲಗಡೆ ಮಾತ್ರ ಒಂದು ಡೆಂಟು. ಬಿಳಿಯ ಮೇಲೆ ಅದರ ನೆರಳು ಎದ್ದು ಕಾಣುತ್ತಿತ್ತು. ಅಂಥ ಕಡೆ ಅವನು ಒಂದು ಹೂವು ಅಂಟಿಸಿ ಮುಂದೆ ಹೋಗುವವನು. ಊರಿನವರ ಡೆಂಟುಗಳ ಮೇಲೆ ಹೂವು ಬೆಳೆಸಿಯೇ ಅವನ ಸಂಸಾರ ನಡೆದದ್ದು. ಬಿಳಿ ಏನನ್ನೂ ಮುಚ್ಚುವುದಿಲ್ಲ. ಅಡಿಯಲ್ಲಿ ಇರುವುದನ್ನೇ ತೋರಿಸುತ್ತದೆ. ಅವನ ಬೆರಳು ಆ ತಗ್ಗಿನ ಮೇಲೆ ಸುಮಾರು ಹೊತ್ತು ಆಡಿತು. ಬಂತು ಹೂವು, ಎಂದುಕೊಂಡೆ. ಸಿರಿಯ ಕಣ್ಣೂ ಆ ಬೆರಳಿನ ಮೇಲೆಯೇ ಇತ್ತು.

ಅವನು ಹಾಳೆಯನ್ನು ಸುಲಿದು ತೆಗೆದು ನನ್ನ ಕಡೆ ತಿರುಗಿದ. "ದೇವರಾಜಾ, ಈ ತಗಡು ಬಿಚ್ಚಿ ಬಡದು ಕೊಡು. ಸಮ ಇರ್ಬೇಕು."

"ಇಷ್ಟ್ ಹೊತ್ತು ಸುಮ್ನಿದ್ದು ಈಗ ಹೇಳ್ತಿಯೇನಯ್ಯಾ?" ಎಂದು ಕೂಗಾಡಿದೆ. ಬಡಿದೂ ಕೊಟ್ಟೆ. ಅವನು ಅದರ ಮೇಲೆ ಮತ್ತೆ ಬಿಳಿ ಹಾಳೆ ಕೂರಿಸಿದ.

ಕೊನೆಗೆ ಉಳಿದದ್ದು ತಂಡದ ಹೆಸರು. ಕರಿ ಹಾಳೆಯಲ್ಲಿ ಬೆರಳುದ್ದಕ್ಕೆ ಕತ್ತರಿಸಿದ. ಅಷ್ಟು ಚಿಕ್ಕ ಅಕ್ಷರ ಅವನ ಕಟರಿನಿಂದ ಹಿಂದೆಂದೂ ಬಂದಿರಲಿಕ್ಕಿಲ್ಲ. "ನೀನೇ ಅಂಟಿಸವ್ವಾ," ಎಂದು ಮಗಳ ಕೈಗೆ ಕೊಟ್ಟ.

ಅವಳು ಅಂಟಿಸಿದಳು. ಎಡಗಡೆ ಒಂದು ನೂಲಿನಷ್ಟು ಕೆಳಗಿಳಿದಿತ್ತು. ನನಗೇ ಕಂಡಿತು, ಅವನಿಗೆ ಕಾಣದಿರುತ್ತದೆಯೇ? ಅವನ ಕೈ ಮೇಲೆದ್ದಿತು. ಹಾಗೇ ತಲೆಗೆ ಹೋಗಿ, ಕೂದಲು ಕೆರೆದು, ಕೆಳಗಿಳಿಯಿತು.

"ಸೊಟ್ಟ ಆಯ್ತಾ ಅಪ್ಪ?"

"ಸ್ವಲ್ಪ ಆಗೇತಿ. ತೆಗೀಲೇನು?"

ಸಿರಿ ತಲೆ ವಾಲಿಸಿ ನೋಡಿದಳು. "ಬೇಡ, ಇರ್ಲಿ. ನಾಳೆ ನೀನೂ ಬಾ. ಅಲ್ಲಿ ಗುಳ್ಳೆ ಎದ್ರೆ ಯಾರು ಒತ್ತೋರು?"

ಅವನು ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸುತ್ತಾ ನಿಂತ.

ಆಟೋ ಬಂತು. ಬಿಳಿ ರೋಬೋವನ್ನು ತೊಡೆಯ ಮೇಲಿಟ್ಟುಕೊಂಡು ಸಿರಿಯೂ ಪ್ರಮೋದನೂ ಕುಳಿತರು. ಆಟೋದ ಹಿಂದೆ ಕೊಟ್ರಪ್ಪನದೇ ನವಿಲು. ಒಂದು ಗರಿಯ ತುದಿ ಎದ್ದು ಗಾಳಿಗೆ ಪಟಪಟಿಸುತ್ತಿತ್ತು.

"ಏ, ನಿಲ್ಸಪ್ಪಾ!" ಎಂದು ಕೊಟ್ರಪ್ಪ ಓಡಿದ. ಆ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಅದು ಕೂರುವವರೆಗೂ ಹಿಡಿದೇ ನಿಂತ.

"ಅಪ್ಪ, ಸಾಕು ಬಿಡು!" ಒಳಗಿನಿಂದ ಸಿರಿ ಕೂಗಿದಳು. ನಗುತ್ತಿದ್ದಳು.