ಮಡಿಕೆ ಬಿಚ್ಚದ ಕೌದಿ

ಮಹಾನವಮಿಗೆ ಮೊದಲು ಮನೆಯ ಹಾಸಿಗೆಯನ್ನೆಲ್ಲ ಒಗೆಯಬೇಕು. ಸಿಂದಗಿಯ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಕೆಲಸ ಸುನಂದಾಳದೇ. ನೆನೆದ ಕೌದಿ ಹೆಣಭಾರ. ಹಿಂಡಲು ಇಬ್ಬರು ಬೇಕು. ಈ ಶನಿವಾರ ಇನ್ನೊಂದು ತುದಿ ಹಿಡಿದವಳು ಪಕ್ಕದ ಮನೆಯ ತರನ್ನುಮ, ಕಾಲೇಜು ಮುಗಿಸಿ ಮನೆಯಲ್ಲಿದ್ದ ಹುಡುಗಿ.

ಮಾಳಿಗೆಯ ಮೇಲೆ ಕೌದಿ ಒಣಗುವಾಗ ತರನ್ನುಮ ಒಂದು ಕಿರುಕಾದಂಬರಿ ಓದಿ ಹೇಳಿದಳು. ಇಬ್ಬರು ಗಂಡಸರ ಪ್ರೇಮದ ಕಥೆ. ಹೇಳುವವನು ಅವರಿಗೆ ಕೋಣೆ ಬಾಡಿಗೆ ಕೊಟ್ಟ ಮನೆಮಾಲೀಕ. ಓದುವವರಿಗೆಲ್ಲ ತಿಳಿದರೂ ಅವನಿಗೆ ಮಾತ್ರ ತಿಳಿಯುವುದಿಲ್ಲ. ‘ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ, ನೀರು ಉಳಿಸುವುದನ್ನು ಇವರಿಂದ ಕಲಿಯಬೇಕು’ ಎಂದು ಅವನು ಮೆಚ್ಚುವಲ್ಲಿ ಸುನಂದಾ ಬಾಯಿಗೆ ಸೆರಗಿಟ್ಟು ನಕ್ಕಳು.

“ಎಂಥಾ ಖೋಡಿ ಅದಾನ ಇವಾ! ಇವನ ಹೇಂತಿನ್ನ ಕೇಳಿದ್ರ ಹೇಳತಿದ್ಲು. ಹಾಸಗಿ ಸುತ್ತಿಡಾಕಿಗೆ ಎಲ್ಲಾ ತಿಳಿತೈತಿ.”

“ನಿಮ್ಮನ್ನ ಮಾಲಕರನ್ನ ಮಾಡಿದ್ರ ಕಥಿ ಎರಡನೇ ಪುಟಕ್ಕ ಮುಗೀತಿತ್ತು ಬಿಡ್ರಿ, ಅಕ್ಕಾರ.”

ಒಣಗಿದ್ದನ್ನು ಮಡಚುತ್ತ ಸುನಂದಾ ಹುಳ ಹಿಡಿಯದಂತೆ ಒಳಗೆ ಒಣ ಬೇವಿನ ಎಲೆ ಇಡುತ್ತಿದ್ದಳು. ಹಸಿರಂಚಿನ ಕೌದಿ ಬಂತು. ಅದು ಸಿದ್ದಾರೂಢನದು. ನಿಡಗುಂದಿಯಲ್ಲಿ ಮಾಸ್ತರ, ಅವಳ ಗಂಡ ಅನೀಲಕುಮಾರನ ಹಳೆಯ ಗೆಳೆಯ. ಪ್ರತಿ ಶನಿವಾರ ಬರುತ್ತಾನೆ, ಇಬ್ಬರೂ ಮೇಲಿನ ಕೋಣೆಯಲ್ಲಿ ಮಲಗುತ್ತಾರೆ. ಸುನಂದಾ ಅಲ್ಲಿ ಎರಡು ಕೌದಿ ಇಟ್ಟು ಬಂದು, ಕೆಳಗೆ ಹಾಸಿಗೆ ಹಿಡಿದ ಅತ್ತೆಯ ಪಕ್ಕ ಮಲಗುತ್ತಾಳೆ.

“ಮಾಸ್ತರನಂಥಾ ಸ್ವಚ್ಛ ಗಂಡಸನ್ನ ನಾ ನೋಡಿಲ್ಲವಾ. ತನ್ನ ಕೌದಿ ತಾನ ಮಡಚತಾನ, ನಾ ಮಡಚಿದ್ಹಂಗ. ಬೇವಿನ ಎಲಿ ಸೈತ ಒಂದೂ ಮುರೀದಂಗ ತಿರುಗಿ ಒಳಗ…”

ತರನ್ನುಮ ನಗಲಿಲ್ಲ. ಪುಸ್ತಕದತ್ತ ನೋಡುತ್ತ ಕುಳಿತಳು. ಈಗ ತಾನು ಆಡಿದ್ದು ಆ ಮನೆಮಾಲೀಕನ ಮಾತಿನಂತೆಯೇ ಇತ್ತು ಎಂಬುದು ಸುನಂದಾಳಿಗೂ ಕೇಳಿಸಿತು.

ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಯಾರೂ ಹೊದೆಯದ ಕೌದಿಯನ್ನು ವರ್ಷ ವರ್ಷ ಒಗೆದು ಹಿಂಡಿದ್ದು ರಟ್ಟೆಗಳಿಗೆ ನೆನಪಾಯಿತು, ಅಷ್ಟೇ.

“ಆ ಮಾಲಕಗ ಕಡೀಕರೆ ಗೊತ್ತಾಗತೈತೇನು?”

“ಇಲ್ರಿ, ಅಕ್ಕಾರ.”

“ಪುಣ್ಯವಂತ.”

ಸಂಜೆ ಬಸ್ಸಿನ ಹೊತ್ತಿಗೆ ಅನೀಲಕುಮಾರ ಮೇಲೆ ಬಂದ. ಕೋಣೆಯಲ್ಲಿ ಒಂದೇ ಕೌದಿಯಿತ್ತು.

“ಮಾಸ್ತರಂದು ಎಲ್ಲೈತಿ?”

“ನಿಮಗ ಒಂದ ಸಾಕ್ರಿ. ಅದನ್ನ ನಾ ಹೊದ್ಕೋತೇನಿ. ಹೊದ್ದದ್ದನ್ನ ಒಗ್ಯಾಕ ನನಗೇನೂ ಬ್ಯಾಸರಿಲ್ಲ.”

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. “ಅವಗ ಬರಬ್ಯಾಡ ಅನ್ನಲೇನು?” ಎಂದ.

“ರೊಟ್ಟಿ ಬಡದೇನಿ. ಬರ್ಲಿ.”

ಕೆಳಗಿಳಿದು ಅತ್ತೆಯ ಹಾಸಿಗೆಯ ಪಕ್ಕ ಹಸಿರಂಚಿನ ಕೌದಿ ಕೊಡವಿದಳು. ಬೇವಿನ ಎಲೆ ನೆಲದ ತುಂಬ ಉದುರಿತು. ಸುನಂದಾ ಕಸಬರಿಗೆ ತಂದಳು.