ಸಾವಿರದ ಒಂಬತ್ತನೆಯ ಟೈಲು

ಟೈಲು ಕೂರಿಸುವ ಮೇಸ್ತ್ರಿಯನ್ನು ಊರವರು 'ಚೂರಿಲ್ಲದ ಮೇಸ್ತ್ರಿ' ಎನ್ನುತ್ತಿದ್ದರು. ಮೂರನೇ ಕ್ಲಾಸಿನಲ್ಲಿ ಭಾಗಾಕಾರಕ್ಕೆ ಹೆದರಿ ಶಾಲೆ ಬಿಟ್ಟ ಆಸಾಮಿ. ಆದರೆ ಗೋಡೆಯನ್ನು ಒಮ್ಮೆ ಅಳೆದನೆಂದರೆ ಒಂದು ಟೈಲೂ ಮಿಗುತ್ತಿರಲಿಲ್ಲ. ನಲವತ್ತು ವರ್ಷ ಆ ಜಂಬದಲ್ಲೇ ಬದುಕಿದ. ಜಂಬಕ್ಕೆ ತಕ್ಕ ಕೈಯೂ ಇತ್ತು ಅನ್ನಿ.

ಅಂಥವನಿಗೆ ಮೊಮ್ಮಗಳ ಶಾಲೆಯ ಗೋಡೆ ನೀರು ಕುಡಿಸಿತು. ಸಾವಿರದ ಒಂಬತ್ತು ಮಕ್ಕಳು ಅಂಗೈಯಗಲದ ಒಂದೊಂದು ಚೌಕ ಟೈಲಿನ ಮೇಲೆ ಚಿತ್ರ ಬರೆದು, ಹಿಂದೆ ತಮ್ಮ ಹೆಸರು ಹಾಕಿದ್ದರು. ಎಲ್ಲವೂ ಸೇರಿ ಮೂಲೆ ಮುಕ್ಕಾಗದ ಒಂದೇ ಪಟವಾಗಬೇಕು, ಒಂದನ್ನೂ ಕತ್ತರಿಸಬಾರದು, ಯಾವ ಮಗುವಿನದೂ ಬಿಟ್ಟುಹೋಗಬಾರದು ಎಂದಿದ್ದರು ಹೆಡ್‌ಮಿಸ್ಸು.

ಮೇಸ್ತ್ರಿ ನೆಲದ ಮೇಲೆ ಹರವಿದ. ನಲವತ್ತೆರಡರಂತೆ ಇಪ್ಪತ್ನಾಲ್ಕು ಸಾಲು ಹಾಕಿದ, ಒಂದು ಉಳಿಯಿತು. ಮೂವತ್ತಾರರಂತೆ ಇಪ್ಪತ್ತೆಂಟು ಸಾಲು, ಮತ್ತೂ ಒಂದು. ನಲವತ್ತೆಂಟರಂತೆ ಇಪ್ಪತ್ತೊಂದು ಹಾಕಿದರೂ ಅದೇ ಒಂದು. ಎಣಿಕೆ ತಪ್ಪಿತೇನೋ ಎಂದು ಮತ್ತೆ ಮತ್ತೆ ಎಣಿಸಿ ತಲೆ ಚಿಟ್ಟು ಹಿಡಿಯಿತು. ಈ ಸಲ ಉಳಿದದ್ದನ್ನು ಎತ್ತಿ ನೋಡಿದರೆ ಮೊಮ್ಮಗಳ ಸೊಟ್ಟ ಮೀನು! ಅತ್ತಿತ್ತ ನೋಡಿ, ಯಾರದೋ ನೀಲಿ ಕೊಡೆಯ ಟೈಲನ್ನು ಸಾಲಿನಿಂದ ತೆಗೆದು ಜೇಬಿಗಿಳಿಸಿ, ಆ ಜಾಗಕ್ಕೆ ಮೀನನ್ನು ಇಟ್ಟ.

"ಒಂದು ಉಳೀತಾ ಮೇಸ್ತ್ರಿ?" ಎನ್ನುತ್ತ ಲೆಕ್ಕದ ಮೇಡಂ ಬಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಜೇಬಿಗೆ ಹೋಯಿತು.

"ಉಳಿದೇ ಉಳಿಯುತ್ತೆ. ಸಾವಿರದ ಒಂಬತ್ತು ಅವಿಭಾಜ್ಯ ಸಂಖ್ಯೆ. ಎರಡು ಸಾಲಿಂದ ಮೂವತ್ತೊಂದು ಸಾಲಿನವರೆಗೆ ನೋಡಿ, ಸರಿಹೋಗಲ್ಲ. ಆಮೇಲೆ ನೋಡೋದೇ ಬೇಡ."

"ಅದ್ಯಾಕೆ ಬೇಡ? ಐವತ್ತು ಸಾಲು ಹಾಕಿದ್ರೆ?"

"ಸಾಲು ಹೆಚ್ಚಾದ್ರೆ ಒಂದೊಂದರಲ್ಲಿರೋ ಟೈಲು ಕಮ್ಮಿ ಆಗುತ್ತಲ್ವಾ? ನೋಡಿದ ಗೋಡೆನೇ ಅಡ್ಡ ತಿರುಗಿಸಿ ನೋಡಿದ ಹಾಗೆ."

ಮೇಸ್ತ್ರಿಗೆ ಅರ್ಧ ತಿಳಿಯಿತು, ಅರ್ಧ ತಲೆಯ ಮೇಲೆ ಹಾದುಹೋಯಿತು. "ಹಂಗಾದ್ರೆ ಒಂದು ಮಗು ಹೊರಗೇನಾ?"

"ಒಂದೇ ಪಟ ಅಂದ್ರೆ ಹೊರಗೇ. ಎರಡು ಮಾಡಿ. ಇಪ್ಪತ್ತೆಂಟು ಸಾಲಿಂದು ಒಂದು ಚೌಕ, ಹದಿನೈದು ಸಾಲಿಂದು ಇನ್ನೊಂದು. ಎರಡು ಚೌಕ ಮಾಡೋಕೆ ಇರೋದು ಅದೊಂದೇ ದಾರಿ. ಹೆಡ್‌ಮಿಸ್ಸಿಗೆ ನಾನು ಹೇಳ್ತೀನಿ."

"ಯಾವುದಕ್ಕೂ ಬಗ್ಗದ್ದು ಇದಕ್ಕೆ ಹೇಗೆ ಬಗ್ಗುತ್ತೆ ತಾಯಿ?"

"ಅದನ್ನ ಹೇಳೋಕೆ ನಂಗೊಂದು ವರ್ಷ ಬೇಕು, ಕೂತ್ಕೊಂಡು ಕೇಳೋಕೆ ನಿಮಗೂ ಬೇಕು," ಎಂದು ನಕ್ಕು ಹೋದರು.

ಹಾಕಿದ. ಜೇಬಿನದನ್ನೂ ಸೇರಿಸಿದರೆ ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಖುಷಿಗಿಂತ ಗಲಿಬಿಲಿಯೇ ಹೆಚ್ಚಾಗಿ, ಆ ಚೌಕಗಳ ಸುತ್ತ ಎರಡು ಸುತ್ತು ಬಂದ. ದೊಡ್ಡದಕ್ಕೆ ಸರಿಯಾದ ನಡು ಎಂಬುದೇ ಇರಲಿಲ್ಲ. ಚಿಕ್ಕದಕ್ಕಿತ್ತು: ಎಂಟನೇ ಸಾಲಿನ ಎಂಟನೇ ಟೈಲು. ಜೇಬಿನ ಕೊಡೆಯನ್ನು ಅಲ್ಲಿಟ್ಟು, ಹಾಗೆಯೇ ಗೋಡೆಗೆ ಸಿಮೆಂಟು ಹಾಕಿ ಕೂರಿಸಿದ.

ಮೊಮ್ಮಗಳು ತನ್ನ ಮೀನನ್ನು ದೊಡ್ಡ ಚೌಕದ ಅಂಚಿನಲ್ಲಿ ಹುಡುಕಿ ತೆಗೆದಳು. ಆಮೇಲೆ ಮುಖ ಊದಿಸಿಕೊಂಡು ಕೇಳಿದಳು, "ತಾತ, ನಡುವೆ ನಂದ್ಯಾಕೆ ಹಾಕ್ಲಿಲ್ಲ? ಆ ಕೊಡೆ ಯಾರ್ದು?"

"ಗೊತ್ತಿಲ್ಲ ಪುಟ್ಟಿ," ಎಂದ ಮೇಸ್ತ್ರಿ. "ತಿರುಗಿಸಿ ಹೆಸರು ನೋಡೋಕೆ ಧೈರ್ಯ ಬರ್ಲಿಲ್ಲ."